ಕೂಲಂಬ್ ಅಳೆಯದೇ ಬಿಟ್ಟ ಚಾರ್ಜ್

ಇವತ್ತಿನ ಎಪಿಸೋಡ್ ನಿಮ್ಮ ಫೋನ್ ಬಂದ ಡಬ್ಬಿಯಿಂದ ಶುರು ಮಾಡ್ತೀನಿ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬ್ಯಾಟರಿ 5000 ಎಂಎಎಚ್ ಅಂತ ಬರೆದಿರುತ್ತೆ, ನೋಡಿರ್ತೀರಿ. ಅದನ್ನ ಫಿಸಿಕ್ಸ್‌ನವರ ಭಾಷೆಗೆ ಬದಲಾಯಿಸೋದು ಸುಲಭ. 5 ಆಂಪಿಯರ್, ಒಂದು ಗಂಟೆಗೆ 3600 ಸೆಕೆಂಡು, ಗುಣಿಸಿದ್ರೆ 18,000 ಕೂಲಂಬ್. ಫುಲ್ ಚಾರ್ಜ್‌ನಿಂದ ಸೊನ್ನೆಗೆ ಬರೋದ್ರೊಳಗೆ ಅಷ್ಟು ವಿದ್ಯುತ್ ಚಾರ್ಜ್ ನಿಮ್ಮ ಕೈಯಲ್ಲಿರೋ ಸರ್ಕ್ಯೂಟ್‌ನಲ್ಲಿ ಹರಿದು ಹೋಗುತ್ತೆ.

ಕೂಲಂಬ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಶಾರ್ಲ್ ಅಗಸ್ಟಿನ್ ಕೂಲಂಬ್, ಫ್ರಾನ್ಸ್ ದೇಶದ ಮಿಲಿಟರಿ ಎಂಜಿನಿಯರ್. ಚಾರ್ಜ್ ಎಷ್ಟಿದೆ ಅಂತ ಹೇಳೋ ಅಳತೆಗೇ ಇವನ ಹೆಸರು ಇಟ್ಟಿದ್ದಾರೆ. ಆದ್ರೆ ಈ ಮನುಷ್ಯ ಯಾವ ವಸ್ತುವಿನ ಮೇಲೂ ಇಂತಿಷ್ಟು ಚಾರ್ಜ್ ಇದೆ ಅಂತ ಒಂದು ಅಂಕಿ ಬರೆಯಲಿಲ್ಲ. ಬರೆಯೋಕೆ ಆಗ ಯೂನಿಟ್ಟೇ ಇರಲಿಲ್ಲ. ಹಾಗಾದ್ರೆ ಅವನು ಅಳೆದಿದ್ದಾದ್ರೂ ಏನು? ಅವನು ಬರೆದಿಟ್ಟ ಅಂಕಿಗಳಿಂದ ಆ ಚಾರ್ಜನ್ನ ನಾವು ಈಗ ಲೆಕ್ಕ ಹಾಕಬಹುದಾ? ಹಾಕಬಹುದು. ನಾನು ಹಾಕಿ ನೋಡಿದೆ. ಉತ್ತರ ಸ್ವಲ್ಪ ತಮಾಷೆಯಾಗಿ ಬಂತು, ಅದಕ್ಕೇ ಈ ಎಪಿಸೋಡ್.

ನಾನು ಓದಿದ್ದು ಬಿ.ಕಾಂ. ದ್ವಿತೀಯ ಪಿಯುಸಿ ಫಿಸಿಕ್ಸ್‌ನ ಮೊದಲನೇ ಅಧ್ಯಾಯದಲ್ಲೇ ಈ ಕೂಲಂಬನ ನಿಯಮ ಬರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಎರಡು ಗುಂಡು, ನಡುವೆ ಇಷ್ಟು ದೂರ, ಇಷ್ಟು ಬಲ, ಚಾರ್ಜ್ ಕಂಡುಹಿಡಿ. ಎರಡು ಮಾರ್ಕಿನ ಲೆಕ್ಕ. ಅಕೌಂಟ್ಸ್ ಓದಿದವರಿಗೆ ಇಂಥ ಕಡೆ ಒಂದು ಚಟ ಇರುತ್ತೆ: ಸರಿ, ಈ ಲೆಡ್ಜರ್‌ನ ಮೊದಲ ಎಂಟ್ರಿ ಬರೆದವನು ಯಾರು, ವೋಚರ್ ಎಲ್ಲಿ?

ಮೊದಲು ತೊಂದರೆ ಏನು ಅಂತ ಹೇಳ್ತೀನಿ. ಅಕ್ಕಿಯನ್ನ ತೂಗಬಹುದು, ಬಟ್ಟೆಯನ್ನ ಅಳೆಯಬಹುದು. ಚಾರ್ಜನ್ನ ಏನು ಮಾಡ್ತೀರಿ? ಅದು ಕಾಣಲ್ಲ, ಅದಕ್ಕೆ ವಾಸನೆ ಇಲ್ಲ, ಗುಂಡಿಗೆ ಚಾರ್ಜ್ ಕೊಟ್ಟರೆ ಯಾವ ತಕ್ಕಡಿಯಲ್ಲೂ ಅದರ ತೂಕ ಹೆಚ್ಚಾಗಿ ಕಾಣಲ್ಲ. ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಚಾರ್ಜ್‌ಗೆ ಆವೇಶ ಅಂತಾರೆ. ಯಾರು ಆ ಪದ ಆರಿಸಿದ್ರೋ, ಅವರಿಗೆ ಒಂದು ನಮಸ್ಕಾರ. ಊರ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರನ್ನ ನೋಡಿದ್ದೀರಲ್ಲ, ಆವೇಶ ಕಣ್ಣಿಗೆ ಕಾಣಲ್ಲ, ಆ ಮನುಷ್ಯ ಹೇಗೆ ಕುಣಿದ ಅನ್ನೋದು ಮಾತ್ರ ಕಾಣುತ್ತೆ. ಚಾರ್ಜೂ ಅಷ್ಟೆ. ಅದು ಇನ್ನೊಂದನ್ನ ಎಷ್ಟು ಜೋರಾಗಿ ತಳ್ಳುತ್ತೆ ಅಥವಾ ಎಳೆಯುತ್ತೆ ಅನ್ನೋದರಿಂದಲೇ ಅದನ್ನ ಓದಬೇಕು.

ಹದಿನೆಂಟನೇ ಶತಮಾನದ ನಡುವಿಗೆ ಯುರೋಪಿನಲ್ಲಿ ವಿದ್ಯುತ್ ಅಂದ್ರೆ ಒಂದು ಪಾರ್ಟಿ ಆಟ. ಗಾಜು ಉಜ್ಜೋದು, ಕಿಡಿ ಹಾರಿಸೋದು, ಲೇಡನ್ ಜಾಡಿಯಲ್ಲಿ ತುಂಬಿಟ್ಟು ಒಬ್ಬರಿಗೊಬ್ಬರು ಶಾಕ್ ಕೊಟ್ಕೊಳ್ಳೋದು. ಜೊತೆಗೆ ಗಂಭೀರವಾಗಿ ಯೋಚನೆ ಮಾಡೋರೂ ಇದ್ದರು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಒಂದು ಊಹೆ ಬರೆದ. ಚಾರ್ಜ್ ಆದ ಲೋಹದ ಪಾತ್ರೆಯ ಒಳಗೆ ಬೆಂಡಿನ ಉಂಡೆ ಇಳಿಬಿಟ್ಟರೆ ಅದಕ್ಕೆ ಯಾವ ಸೆಳೆತವೂ ಆಗಲ್ಲ. ನ್ಯೂಟನ್ ಗುರುತ್ವದ ಬಗ್ಗೆ ತೋರಿಸಿದ್ದೂ ಇದೇ ತರ, ಟೊಳ್ಳು ಗೋಳದ ಒಳಗೆ ಗೋಳದ ಸೆಳೆತ ಇರಲ್ಲ. ಹಾಗಾದ್ರೆ ವಿದ್ಯುತ್ ಬಲವೂ ಗುರುತ್ವದ ಹಾಗೇ, ದೂರ ಎರಡು ಪಟ್ಟಾದ್ರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕು. ಒಳ್ಳೆ ಊಹೆ. ಆದ್ರೆ ಊಹೆ.

ಕೂಲಂಬ್ ಹುಟ್ಟಿದ್ದು 1736ರಲ್ಲಿ, ಅಂಗುಲೆಮ್ ಅನ್ನೋ ಊರಲ್ಲಿ. ಮೆಜಿಯರ್‌ನ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿದ. 1764ರಿಂದ ಎಂಟು ವರ್ಷ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಕೋಟೆ ಕಟ್ಟಿಸ್ತಾ ಇದ್ದ. ಅಲ್ಲಿ ಮತ್ತೆ ಮತ್ತೆ ಕಾಯಿಲೆ ಬಿದ್ದು ಆರೋಗ್ಯ ಕಳ್ಕೊಂಡ. ವಾಪಸ್ ಬಂದಮೇಲೆ ಸೈನ್ಯದ ಕೆಲಸದ ಜೊತೆಜೊತೆಗೆ ವಿಜ್ಞಾನ. ಗೋಡೆ ಎಷ್ಟು ಭಾರ ತಡೆಯುತ್ತೆ, ಹಗ್ಗ, ಮರದ ನಡುವೆ ಎಷ್ಟು ಘರ್ಷಣೆ ಆಗುತ್ತೆ, ಇವೇ ಅವನ ವಿಷಯ. ಗುತ್ತಿಗೆದಾರರ ಮಧ್ಯೆ ಬದುಕಿದ ಮನುಷ್ಯ, ಎಲ್ಲದಕ್ಕೂ ಅಳತೆ ಕೇಳೋನು.

ಅವನಿಗೆ ದಾರಿ ತೆರೆದದ್ದು ದಿಕ್ಸೂಚಿ. ಒಳ್ಳೆಯ ದಿಕ್ಸೂಚಿ ಮಾಡೋದು ಹೇಗೆ ಅಂತ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಒಂದು ಸ್ಪರ್ಧೆ ಇಟ್ಟಿತ್ತು, 1777ರಲ್ಲಿ ಆ ಬಹುಮಾನ ಹಂಚಿಕೊಂಡವರಲ್ಲಿ ಇವನೂ ಒಬ್ಬ. ಮುಳ್ಳನ್ನ ಮೊನೆಯ ಮೇಲೆ ಕೂರಿಸೋ ಬದಲು ದಾರದಲ್ಲಿ ನೇತುಹಾಕಿ ಅಂದ. ಆಗ ಪ್ರಶ್ನೆ ಬಂತು, ದಾರ ತಿರುಚಿಕೊಂಡ್ರೆ ಅದು ವಾಪಸ್ ಎಷ್ಟು ಜೋರಾಗಿ ಬಿಚ್ಚಿಕೊಳ್ಳೋಕೆ ನೋಡುತ್ತೆ? ಲೋಹದ ತಂತಿಗಳ ಮೇಲೆ ಅದನ್ನ ಕೂತು ಅಳೆದು 1784ರಲ್ಲಿ ನಿಯಮ ಬರೆದ. ತಂತಿ ಎಷ್ಟು ಡಿಗ್ರಿ ತಿರುಚಿದೆಯೋ ಅದಕ್ಕೆ ತಕ್ಕಷ್ಟೇ ತಿರುಗುಬಲ. ತಂತಿ ಎರಡು ಪಟ್ಟು ಉದ್ದ ಆದ್ರೆ ಬಲ ಅರ್ಧ. ದಪ್ಪ ಅರ್ಧ ಆದ್ರೆ ಬಲ ಹದಿನಾರನೇ ಒಂದು ಭಾಗ. ಆ ಕೊನೆಯದನ್ನ ಗಮನಿಸಿ. ತಂತಿಯನ್ನ ಸ್ವಲ್ಪ ಸಣ್ಣ ಮಾಡಿದ್ರೂ ತಕ್ಕಡಿ ವಿಪರೀತ ನಾಜೂಕಾಗುತ್ತೆ.

ಈಗ ಆ ತಕ್ಕಡಿ. ಸುಮಾರು ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಪಾತ್ರೆ. ಮೇಲೆ ಎರಡು ಅಡಿಯ ಗಾಜಿನ ಕೊಳವೆ. ಕೊಳವೆಯ ತುದಿಯಲ್ಲಿ ಡಿಗ್ರಿ ಗುರುತು ಹಾಕಿದ ಒಂದು ತಿರುಗಣೆ, ಅದರಿಂದ ಇಳಿಬಿದ್ದ ಬೆಳ್ಳಿಯ ತಂತಿ. ತಂತಿಯ ಕೆಳಗೆ ಅಡ್ಡವಾಗಿ ಅರಗು ಬಳಿದ ರೇಷ್ಮೆ ದಾರದ ಒಂದು ಕಡ್ಡಿ. ಕಡ್ಡಿಯ ಒಂದು ತುದಿಯಲ್ಲಿ ಎಲ್ಡರ್ ಅನ್ನೋ ಗಿಡದ ಬೆಂಡಿನ ಪುಟ್ಟ ಉಂಡೆ, ಐದಾರು ಮಿಲಿಮೀಟರ್. ಇನ್ನೊಂದು ತುದಿಯಲ್ಲಿ ತೂಕ ಸರಿದೂಗಿಸೋಕೆ ಕಾಗದದ ಬಿಲ್ಲೆ. ಪಾತ್ರೆಯ ಗೋಡೆ ಹತ್ತಿರ ಅಷ್ಟೇ ಗಾತ್ರದ ಇನ್ನೊಂದು ಬೆಂಡಿನ ಉಂಡೆ, ಇದು ಅಲುಗಾಡಲ್ಲ. ಶುರುವಿನಲ್ಲಿ ಎರಡೂ ಒಂದಕ್ಕೊಂದು ತಾಗಿಕೊಂಡಿರುತ್ತವೆ.

ಎಷ್ಟು ನಾಜೂಕು ಅಂದ್ರೆ, ಅವನೇ ಕೊಟ್ಟ ಲೆಕ್ಕದ ಪ್ರಕಾರ ಆ ತಂತಿಯನ್ನ ಪೂರ್ತಿ ಒಂದು ಸುತ್ತು ತಿರುಚೋಕೆ ಕಡ್ಡಿಯ ತುದಿಯಲ್ಲಿ ಬೇಕಾದ ಬಲ ಒಂದು ಗ್ರೇನ್ ತೂಕದ 340ನೇ ಒಂದು ಭಾಗ. ಫ್ರೆಂಚ್ ಗ್ರೇನ್ ಅಂದ್ರೆ ಸುಮಾರು 53 ಮಿಲಿಗ್ರಾಂ. ಭಾಗಿಸಿದ್ರೆ 0.156 ಮಿಲಿಗ್ರಾಂ. ಒಂದು ರಾಗಿ ಕಾಳು ಸುಮಾರು ಎರಡೂವರೆ ಮಿಲಿಗ್ರಾಂ ಇರುತ್ತೆ. ಅಂದ್ರೆ ಒಂದು ರಾಗಿ ಕಾಳನ್ನ ಹದಿನಾರು ಚೂರು ಮಾಡಿ, ಅದರಲ್ಲಿ ಒಂದು ಚೂರಿನ ತೂಕ ಸಾಕು, ತಂತಿ ಪೂರ್ತಿ ಸುತ್ತು ತಿರುಗುತ್ತೆ. ಕೂಲಂಬ್ ಓದಿದ್ದು ಸುತ್ತುಗಳನ್ನಲ್ಲ, ಡಿಗ್ರಿಗಳನ್ನ.

ಪ್ರಯೋಗ ಹೀಗಿತ್ತು. ಅರಗಿನ ಕಡ್ಡಿಗೆ ಸಿಕ್ಕಿಸಿದ ಒಂದು ಗುಂಡುಪಿನ್ನಿಗೆ ಚಾರ್ಜ್ ಕೊಟ್ಟು, ತೂತಿನಿಂದ ಒಳಗೆ ತೂರಿಸಿ ಉಂಡೆಗೆ ಮುಟ್ಟಿಸಿದ. ಎರಡೂ ಉಂಡೆ ತಾಗಿಕೊಂಡಿದ್ದವಲ್ಲ, ಚಾರ್ಜ್ ಇಬ್ಬರಿಗೂ ಹಂಚಿಹೋಯ್ತು. ಒಂದೇ ಜಾತಿಯ ಚಾರ್ಜ್, ಹಾಗಾಗಿ ಒಂದನ್ನೊಂದು ತಳ್ಳಿದವು. ನೇತಾಡೋ ಉಂಡೆ 36 ಡಿಗ್ರಿ ದೂರ ಹೋಗಿ ನಿಂತಿತು. ಅಂದ್ರೆ ತಂತಿ ತಿರುಚಿದ್ದು 36 ಡಿಗ್ರಿ.

ಆಮೇಲೆ ಮೇಲಿನ ತಿರುಗಣೆಯನ್ನ ಎದುರು ದಿಕ್ಕಿಗೆ 126 ಡಿಗ್ರಿ ತಿರುಗಿಸಿದ. ಉಂಡೆ ಹತ್ತಿರ ಬಂದು 18 ಡಿಗ್ರಿಯಲ್ಲಿ ನಿಂತಿತು. ಒಟ್ಟು ತಿರುಚು 126 ಜೊತೆ 18, 144. ದೂರ ಅರ್ಧ ಆಯ್ತು, ಬಲ 36ರಿಂದ 144ಕ್ಕೆ ಏರಿತು. ಸರಿಯಾಗಿ ನಾಲ್ಕು ಪಟ್ಟು.

ಮೂರನೇ ಸಲ ತಿರುಗಣೆ 567 ಡಿಗ್ರಿ. ಉಂಡೆ ನಿಂತದ್ದು ಎಂಟೂವರೆ ಡಿಗ್ರಿಯಲ್ಲಿ. ಒಟ್ಟು 575.5. ಮೊದಲಿನ ದೂರದ ಸುಮಾರು ಕಾಲುಭಾಗ, ಬಲ ಸುಮಾರು ಹದಿನಾರು ಪಟ್ಟು.

ತಳ್ಳೋ ಬಲಕ್ಕೆ ಆ ಪ್ರಬಂಧದಲ್ಲಿ ಅವನು ಕೊಟ್ಟ ಅಂಕಿ ಇಷ್ಟೇ. ಮೂರು. 1785ರಲ್ಲಿ ಅಕಾಡೆಮಿ ಮುಂದೆ ಇಟ್ಟ ಈ ಮೂರು ಅಂಕಿಗಳ ಮೇಲೆ ಒಂದು ಪ್ರಕೃತಿ ನಿಯಮ ನಿಂತಿದೆ. ಎಳೆಯೋ ಬಲಕ್ಕೆ ಈ ವಿಧಾನ ಸರಿಹೋಗಲಿಲ್ಲ, ಉಂಡೆಗಳು ಹತ್ತಿರ ಬಂದು ಫಟ್ ಅಂತ ಅಂಟಿಕೊಂಡುಬಿಡ್ತಿದ್ದವು. ಅದಕ್ಕೆ ಎರಡನೇ ಪ್ರಬಂಧದಲ್ಲಿ ಬೇರೆ ಉಪಾಯ ಮಾಡಿದ, ಚಾರ್ಜ್ ಆದ ಗೋಳದ ಎದುರು ಒಂದು ಕಡ್ಡಿಯನ್ನ ಲೋಲಕದ ಹಾಗೆ ತೂಗಾಡಿಸಿ, ಅದು ಎಷ್ಟು ಬೇಗ ತೂಗುತ್ತೆ ಅನ್ನೋದರಿಂದ ಬಲ ಲೆಕ್ಕ ಹಾಕಿದ.

ಮೂರೇ ಅಂಕಿ, ಅದೂ ಇಷ್ಟು ಚೆನ್ನಾಗಿ? ಆಡಿಟ್ ಮಾಡೋರಿಗೆ ಇಲ್ಲಿ ಮೂಗು ಅರಳುತ್ತೆ. ಇತಿಹಾಸಕಾರರಿಗೂ ಅರಳಿತು. ಜರ್ಮನಿಯ ಪೀಟರ್ ಹೀರಿಂಗ್ ಅದೇ ತರದ ತಕ್ಕಡಿ ಕಟ್ಟಿಸಿ ಪ್ರಯೋಗ ಮಾಡಿ 1992ರಲ್ಲಿ ಬರೆದರು, ನನಗೆ ಈ ಅಂಕಿ ಬರ್ತಾ ಇಲ್ಲ ಅಂತ. ಅಷ್ಟು ನಾಜೂಕು ತಂತಿ ಸುಮ್ಮನೆ ನಿಲ್ಲೋದೇ ಕಷ್ಟ, ಪ್ರಯೋಗ ಮಾಡೋ ಮನುಷ್ಯನ ಮೈಮೇಲಿನ ಚಾರ್ಜೂ ಅಡ್ಡ ಬರಬಹುದು. ಕೂಲಂಬ್ ಅಂಕಿ ತಿದ್ದಿದನಾ ಅನ್ನೋ ಅನುಮಾನ ಜೋರಾಯ್ತು. ಆದ್ರೆ 2006ರಲ್ಲಿ ಆಲ್ಬರ್ಟೊ ಮಾರ್ಟಿನೆಸ್ ಅನ್ನೋ ಇತಿಹಾಸಕಾರರು ಕೂಲಂಬ್‌ನ ವಿವರಣೆಗೆ ಇನ್ನೂ ಹತ್ತಿರವಾಗಿ ತಕ್ಕಡಿ ಮಾಡಿ, ಅವನ ಅಂಕಿಗಳಿಗೆ ತುಂಬಾ ಹತ್ತಿರದ ಫಲಿತಾಂಶ ತೆಗೆದು ತೋರಿಸಿದರು. ನನ್ನ ಒಲವು ಮಾರ್ಟಿನೆಸ್ ಕಡೆಗೆ. ಯಾಕೆ ಅಂತ ಇನ್ನೊಂದೆರಡು ನಿಮಿಷದಲ್ಲಿ ಹೇಳ್ತೀನಿ, ಲೆಕ್ಕದಲ್ಲೇ ಒಂದು ಸುಳಿವು ಇದೆ.

ಅದಕ್ಕೂ ಮುಂಚೆ ಕ್ಯಾವೆಂಡಿಷ್ ವಿಷಯ ಹೇಳದಿದ್ರೆ ಅನ್ಯಾಯ ಆಗುತ್ತೆ. ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್, ಭಾರಿ ಶ್ರೀಮಂತ, ಜನ ಕಂಡ್ರೆ ಓಡಿಹೋಗೋಷ್ಟು ಸಂಕೋಚದ ಮನುಷ್ಯ. ಕೂಲಂಬ್‌ಗಿಂತ ಹನ್ನೆರಡು ವರ್ಷ ಮೊದಲೇ, 1773ರ ಹೊತ್ತಿಗೆ, ಇದೇ ನಿಯಮವನ್ನ ಇನ್ನೂ ಚಂದವಾಗಿ ಪರೀಕ್ಷೆ ಮಾಡಿದ್ದ. ಒಂದು ಗೋಳ, ಅದರ ಸುತ್ತ ಎರಡು ಅರ್ಧಗೋಳಗಳ ಕವಚ. ಹೊರಗಿನದಕ್ಕೆ ಚಾರ್ಜ್ ಕೊಟ್ಟು, ಒಳಗಿನದಕ್ಕೆ ತಂತಿಯಿಂದ ಸೇರಿಸಿ, ತಂತಿ ತೆಗೆದು, ಕವಚ ಬಿಚ್ಚಿ, ಒಳಗಿನ ಗೋಳ ಮುಟ್ಟಿ ನೋಡೋದು. ಒಳಗೆ ಏನೂ ಇರಲಿಲ್ಲ. ಒಳಗೆ ಏನೂ ಇಲ್ಲ ಅಂದ್ರೆ ಬಲ ದೂರದ ವರ್ಗಕ್ಕೆ ವಿಲೋಮವಾಗಿಯೇ ಇರಬೇಕು, ವರ್ಗದ ಆ 2 ಅನ್ನೋ ಅಂಕಿಯಲ್ಲಿ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಪ್ಪಿಲ್ಲ ಅಂತ ಬರೆದಿಟ್ಟ. ಬರೆದು ಬೀರುವಿನಲ್ಲಿ ಇಟ್ಟುಬಿಟ್ಟ. ಅದು ಅಚ್ಚಾಗಿದ್ದು 1879ರಲ್ಲಿ, ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಂಪಾದನೆ ಮಾಡಿದಾಗ. ನೂರು ವರ್ಷಕ್ಕೂ ಹೆಚ್ಚು ಕಾಲ ಡ್ರಾಫ್ಟ್ಸ್ ಫೋಲ್ಡರ್‌ನಲ್ಲೇ ಇತ್ತು ಅಂತ ಇಟ್ಟುಕೊಳ್ಳಿ.

ನಿಯಮದ ದೃಷ್ಟಿಯಿಂದ ಕ್ಯಾವೆಂಡಿಷ್ ಪ್ರಯೋಗ ಮೇಲು. ಆದ್ರೆ ನಮಗೆ ಬೇಕಾದ್ದು ಚಾರ್ಜ್ ಎಷ್ಟು ಅನ್ನೋದು, ಅದಕ್ಕೆ ಬಲದ ಅಂಕಿ ಬೇಕು. ಅದು ಇರೋದು ಕೂಲಂಬ್ ಹತ್ತಿರ.

ಇಲ್ಲಿ ಒಂದು ತೊಡಕು ಇದೆ. ಎರಡು ವಸ್ತುಗಳ ನಡುವಿನ ಬಲ ಗೊತ್ತಾದ್ರೆ ನಿಮಗೆ ಸಿಗೋದು ಎರಡು ಚಾರ್ಜ್‌ಗಳ ಗುಣಲಬ್ಧ ಮಾತ್ರ. ಬೆಂಗಳೂರಿನವರಿಗೆ ಸೈಟ್ ಭಾಷೆಯಲ್ಲಿ ಹೇಳ್ತೀನಿ. 1200 ಚದರ ಅಡಿ ಅಂದ್ರೆ 30-40 ಸೈಟ್ ಇರಬಹುದು, 20-60 ಇರಬಹುದು. ವಿಸ್ತೀರ್ಣ ಒಂದರಿಂದ ಉದ್ದ ಅಗಲ ಗೊತ್ತಾಗಲ್ಲ. ಸೈಟ್ ಚೌಕ ಅಂತ ಗೊತ್ತಿದ್ರೆ ಮಾತ್ರ ವರ್ಗಮೂಲ ತೆಗೆದು ಹೇಳಬಹುದು. ಕೂಲಂಬ್‌ನ ಎರಡು ಉಂಡೆ ಒಂದೇ ಗಾತ್ರದವು, ತಾಗಿಕೊಂಡಿದ್ದಾಗ ಚಾರ್ಜ್ ಸಿಕ್ಕಿತು, ಹಾಗಾಗಿ ಅರ್ಧ ಅರ್ಧ. ಸೈಟ್ ಚೌಕ. ಈ ಮುಟ್ಟಿಸಿ ಹಂಚೋ ಯುಕ್ತಿ ಇಡೀ ವಿಷಯದ ಕೀಲಿಕೈ. ಯೂನಿಟ್ ಇಲ್ಲದಿದ್ರೂ ಅರ್ಧ ಮಾಡಬಹುದು, ಅದರ ಅರ್ಧ ಮಾಡಬಹುದು. ಅಜ್ಜಿ ಬೆಲ್ಲದ ಅಚ್ಚನ್ನ ಮೊಮ್ಮಕ್ಕಳಿಗೆ ಹಂಚಿದ ಹಾಗೆ, ತೂಕ ಗೊತ್ತಿಲ್ಲ, ಪಾಲು ಮಾತ್ರ ಸಮ.

ಕೂಲಂಬ್ ಇಲ್ಲಿಗೇ ನಿಂತ. ಬಲ ಚಾರ್ಜ್‌ಗಳ ಗುಣಲಬ್ಧಕ್ಕೆ ತಕ್ಕಂತೆ ಇರುತ್ತೆ ಅಂತ ಹೇಳಿದ, ಆದ್ರೆ ದೂರದ ನಿಯಮದಷ್ಟು ಬೆವರು ಅದಕ್ಕೆ ಸುರಿಸಲಿಲ್ಲ. ನಾವು ಮುಂದುವರಿಸೋಣ. ಪೆನ್ನು ಬೇಡ, ಕೇಳ್ತಾ ಇರಿ ಸಾಕು.

ಎರಡು ಚಾರ್ಜ್ ಸಮ ಅಂತ ಗೊತ್ತಿದ್ದಾಗ ಇವತ್ತಿನ ಸೂತ್ರ ಇಷ್ಟೆ: ಬಲವನ್ನ ದೂರದ ವರ್ಗದಿಂದ ಗುಣಿಸಿ, 900 ಕೋಟಿಯಿಂದ ಭಾಗಿಸಿ, ವರ್ಗಮೂಲ ತೆಗೀರಿ. ಬಲ ನ್ಯೂಟನ್‌ನಲ್ಲಿ, ದೂರ ಮೀಟರ್‌ನಲ್ಲಿ, ಉತ್ತರ ಕೂಲಂಬ್‌ನಲ್ಲಿ. ಆ 900 ಕೋಟಿ ಎಲ್ಲಿಂದ ಬಂತು ಅನ್ನೋದು ಈ ಕಥೆಯ ಎರಡನೇ ಅರ್ಧ, ಅಲ್ಲಿಗೂ ಬರ್ತೀನಿ.

ಕಡ್ಡಿಯ ಉದ್ದ ಕೇಂದ್ರದಿಂದ ಉಂಡೆಗೆ 4 ಫ್ರೆಂಚ್ ಅಂಗುಲ, ಅಂದ್ರೆ 10.8 ಸೆಂಟಿಮೀಟರ್. 36 ಡಿಗ್ರಿ ಅಂತರದಲ್ಲಿ ಉಂಡೆಗಳ ನಡುವಿನ ನೇರ ದೂರ 6.7 ಸೆಂಟಿಮೀಟರ್. ಬಲ ಪೂರ್ತಿ ಸುತ್ತಿನ ಹತ್ತನೇ ಒಂದು ಭಾಗ, ಅಂದ್ರೆ ಒಂದು ರಾಗಿ ಕಾಳಿನ ತೂಕದ 160ನೇ ಒಂದು ಭಾಗ. ತಳ್ಳುವಿಕೆ ಸ್ವಲ್ಪ ಓರೆಯಾಗಿ ಆಗುತ್ತಲ್ಲ, ಅದನ್ನೂ ಸರಿಪಡಿಸಿ ಸೂತ್ರಕ್ಕೆ ಹಾಕಿದ್ರೆ ಬರೋ ಉತ್ತರ 0.283 ನ್ಯಾನೋಕೂಲಂಬ್. ನ್ಯಾನೋ ಅಂದ್ರೆ ನೂರು ಕೋಟಿಯಲ್ಲಿ ಒಂದು ಭಾಗ.

ಎರಡನೇ ಅಂಕಿಯಿಂದ, ಅಂದ್ರೆ 18 ಡಿಗ್ರಿ, 144ರಿಂದ ಲೆಕ್ಕ ಹಾಕಿದ್ರೆ 0.281. ಹೆಚ್ಚುಕಡಿಮೆ ಅದೇ. ಮೂರನೆಯದರಿಂದ 0.265.

ಈ ಮೂರನ್ನ ಸಾಲಾಗಿ ಇಟ್ಟು ನೋಡಿ. 0.283, 0.281, 0.265. ಇಳೀತಾ ಇದೆ. ಅಂಕಿ ತಿದ್ದೋನು ಇಳಿಯೋ ಹಾಗೆ ತಿದ್ದಲ್ಲ, ಎಂಟೂವರೆ ಬದಲು ಒಂಬತ್ತು ಅಂತ ಬರೆದಿದ್ರೆ ಮುಗೀತಿತ್ತು, ನಿಯಮಕ್ಕೆ ಕರಾರುವಾಕ್ಕಾಗಿ ಕೂರ್ತಿತ್ತು. ನಿಜವಾದ ಚಾರ್ಜ್ ಸೋರುತ್ತೆ. ಗಾಳಿಯ ತೇವಕ್ಕೆ ಸೋರುತ್ತೆ, ಹಿಡಿದಿರೋ ಕಡ್ಡಿಯಿಂದ ಸೋರುತ್ತೆ. ಕೂಲಂಬ್‌ಗೆ ಇದು ಗೊತ್ತಿತ್ತು, ಮೂರೂ ಓದುಗಳನ್ನ ಎರಡು ನಿಮಿಷದಲ್ಲಿ ಮುಗಿಸಿದೆ ಅಂತ ಬರೆದಿದ್ದಾನೆ, ಸೋರಿಕೆಗೇ ಬೇರೆ ಒಂದು ಪ್ರಬಂಧ ಬರೆದ. ಜೊತೆಗೆ ಉಂಡೆಗಳು ತೀರಾ ಹತ್ತಿರ ಬಂದಾಗ ಅವುಗಳ ಮೇಲಿನ ಚಾರ್ಜ್ ಒಂದನ್ನೊಂದು ತಪ್ಪಿಸಿಕೊಳ್ಳೋಕೆ ಹಿಂಬದಿಗೆ ಸರಿಯುತ್ತೆ, ಅದರಿಂದಲೂ ಬಲ ಸ್ವಲ್ಪ ಕಡಿಮೆ ಕಾಣುತ್ತೆ. ಮಾರ್ಟಿನೆಸ್ ಕಡೆ ನನ್ನ ಒಲವು ಅಂದಿದ್ದು ಈ ಕಾರಣಕ್ಕೆ. ಈ ಅಂಕಿಗಳಲ್ಲಿ ಪ್ರಯೋಗಶಾಲೆಯ ವಾಸನೆ ಇದೆ.

0.283 ನ್ಯಾನೋಕೂಲಂಬ್ ಅಂದ್ರೆ ಸುಮಾರು 177 ಕೋಟಿ ಎಲೆಕ್ಟ್ರಾನ್‌ಗಳ ಚಾರ್ಜ್. ದೊಡ್ಡದು ಅನ್ಸುತ್ತೆ. ಆದ್ರೆ ಒಂದು ಕೂಲಂಬ್ ಆಗಬೇಕಾದ್ರೆ ಆ ಉಂಡೆಯಂಥ ಉಂಡೆಗಳು 350 ಕೋಟಿಗೂ ಹೆಚ್ಚು ಬೇಕು. ಕೂಲಂಬ್ ತನ್ನ ಪ್ರಸಿದ್ಧ ಪ್ರಯೋಗದಲ್ಲಿ ಕೈಯಾಡಿಸಿದ್ದು ತನ್ನದೇ ಹೆಸರಿನ ಯೂನಿಟ್‌ನ ಅಷ್ಟು ಸಣ್ಣ ಚೂರು. ಒಂದು ಕೂಲಂಬ್ ಚಾರ್ಜ್ ಎರಡು ಗುಂಡುಗಳ ಮೇಲಿಟ್ಟು ಒಂದು ಮೀಟರ್ ದೂರದಲ್ಲಿ ನಿಲ್ಲಿಸೋಕೆ ಸಾಧ್ಯ ಆಗಿದ್ರೆ, ಅವುಗಳ ನಡುವಿನ ತಳ್ಳುವಿಕೆ ಸುಮಾರು 9 ಲಕ್ಷ ಟನ್ ಭಾರದಷ್ಟು. ಹಾಗಾದ್ರೆ ನಿಮ್ಮ ಫೋನಿನ 18,000 ಕೂಲಂಬ್ ಯಾಕೆ ಜೇಬು ಹರಿದುಕೊಂಡು ಹೋಗಲ್ಲ? ಯಾಕಂದ್ರೆ ಬ್ಯಾಟರಿ ಚಾರ್ಜನ್ನ ಗುಡ್ಡೆ ಹಾಕಿ ಇಟ್ಟುಕೊಂಡಿಲ್ಲ. ಒಂದು ಬಾಗಿಲಿಂದ ಹೋದಷ್ಟೇ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತೆ, ಡೆಬಿಟ್ ಕ್ರೆಡಿಟ್ ಯಾವಾಗಲೂ ಟ್ಯಾಲಿ.

ಈಗ ಯೂನಿಟ್ ವಿಷಯ. ಕೂಲಂಬ್ 1806ರಲ್ಲಿ ತೀರಿಕೊಂಡ. 1832ರಲ್ಲಿ ಗಾಟಿಂಗನ್‌ನ ಗೌಸ್ ಒಂದು ದೊಡ್ಡ ಹೆಜ್ಜೆ ಇಟ್ಟರು. ಕಾಂತಶಕ್ತಿಯನ್ನ ಬರೀ ಉದ್ದ, ತೂಕ, ಸಮಯ ಈ ಮೂರರಲ್ಲೇ ಅಳೆಯಬಹುದು ಅಂತ ಮಾಡಿ ತೋರಿಸಿದರು. ಅವರ ಜೊತೆಗಾರ ವಿಲ್ಹೆಲ್ಮ್ ವೆಬರ್ ಅದನ್ನ ವಿದ್ಯುತ್ತಿಗೆ ತಂದರು. ಚಾರ್ಜ್‌ಗೆ ಈ ದಾರಿಯಲ್ಲಿ ಸಿಕ್ಕ ಯೂನಿಟ್ ತುಂಬಾ ಸರಳ: ಒಂದು ಸೆಂಟಿಮೀಟರ್ ದೂರದಲ್ಲಿರೋ ಎರಡು ಸಮ ಚಾರ್ಜ್‌ಗಳು ಒಂದು ಡೈನ್ ಬಲದಿಂದ ತಳ್ಳಿಕೊಂಡ್ರೆ, ಪ್ರತಿಯೊಂದೂ ಒಂದು ಯೂನಿಟ್. ಡೈನ್ ಅಂದ್ರೆ ಸುಮಾರು ಒಂದು ಮಿಲಿಗ್ರಾಂ ಭಾರ. ಕೂಲಂಬನ ನಿಯಮವನ್ನೇ ತಿರುಗಿಸಿ ಹಾಕಿ ಅಳತೆಗೋಲು ಮಾಡಿಬಿಟ್ಟರು. ಬಲದಿಂದ ಚಾರ್ಜ್ ಲೆಕ್ಕ ಹಾಕೋದು ಅಂದ್ರೆ ಇದೇ.

ಆದ್ರೆ ಇನ್ನೊಂದು ಅಳತೆಗೋಲೂ ಇತ್ತು. ಚಾರ್ಜ್ ಹರಿದಾಗ ಕರೆಂಟ್, ಕರೆಂಟ್ ದಿಕ್ಸೂಚಿಯ ಮುಳ್ಳನ್ನ ತಿರುಗಿಸುತ್ತೆ. ಆ ಬಲದಿಂದಲೂ ಚಾರ್ಜ್ ಅಳೆಯಬಹುದು. ಒಂದೇ ಆಸ್ತಿ, ಎರಡು ಕರೆನ್ಸಿ. ಎಕ್ಸ್‌ಚೇಂಜ್ ರೇಟ್ ಎಷ್ಟು?

1855-56ರಲ್ಲಿ ವೆಬರ್, ರುಡಾಲ್ಫ್ ಕೋಲ್‌ರಾಷ್ ಸೇರಿ ಅದನ್ನ ಕಂಡುಹಿಡಿಯೋಕೆ ಕೂತರು. ಲೇಡನ್ ಜಾಡಿ ಒಂದಕ್ಕೆ ಚಾರ್ಜ್ ತುಂಬಿದರು. ಅದರಿಂದ ಗೊತ್ತಿರೋ ಪಾಲಿನಷ್ಟು ತೆಗೆದು ದೊಡ್ಡ ಗೋಳಕ್ಕೆ ಮುಟ್ಟಿಸಿ, ಅಲ್ಲಿಂದ ಮತ್ತೆ ಪಾಲು ತೆಗೆದು ತಿರುಚು ತಕ್ಕಡಿಯ ಒಳಗೆ ಇಟ್ಟರು. ಹೌದು, ಕೂಲಂಬ್‌ನ ತಕ್ಕಡಿಯದೇ ವಂಶ, ಎಪ್ಪತ್ತು ವರ್ಷ ಆದಮೇಲೆ. ಜೊತೆಗೆ ಅದೇ ಮುಟ್ಟಿಸಿ ಹಂಚೋ ಯುಕ್ತಿ. ತಕ್ಕಡಿ ಬಲ ಹೇಳ್ತು, ಬಲದಿಂದ ಚಾರ್ಜ್ ಲೆಕ್ಕ ಆಯ್ತು, ಪಾಲುಗಳನ್ನ ಹಿಂದಕ್ಕೆ ಗುಣಿಸಿದ್ರೆ ಜಾಡಿಯ ಒಟ್ಟು ಚಾರ್ಜ್ ಒಂದು ಕರೆನ್ಸಿಯಲ್ಲಿ ಸಿಕ್ಕಿತು. ಉಳಿದ ಚಾರ್ಜನ್ನ ಗ್ಯಾಲ್ವನೋಮೀಟರ್ ಮೂಲಕ ಹರಿಯಬಿಟ್ಟು, ಮುಳ್ಳು ಎಷ್ಟು ಎಗರಿತು ಅಂತ ನೋಡಿ ಇನ್ನೊಂದು ಕರೆನ್ಸಿಯಲ್ಲಿ ಅಳೆದರು.

ಎರಡರ ಅನುಪಾತ ಬರೀ ಸಂಖ್ಯೆಯಾಗಿ ಬರಲ್ಲ, ವೇಗವಾಗಿ ಬರುತ್ತೆ. ಒಂದು ಕಡೆ ಚಾರ್ಜ್ ಸುಮ್ಮನೆ ಕೂತಿದೆ, ಇನ್ನೊಂದು ಕಡೆ ಓಡ್ತಾ ಇದೆ, ಹಾಗಾಗಿ ದೂರ ಭಾಗಿಸು ಸಮಯ ಉಳಿದುಬಿಡುತ್ತೆ. ಅವರ ಅಳತೆಯಿಂದ ಹೊರಟ ಆ ವೇಗ ಸೆಕೆಂಡಿಗೆ 3,10,740 ಕಿಲೋಮೀಟರ್. ಕೋಲ್‌ರಾಷ್ 1858ರಲ್ಲೇ ತೀರಿಕೊಂಡರು. ಆ ಅಂಕಿಯ ಅರ್ಥ ಏನು ಅಂತ ಅವರು ನೋಡಲಿಲ್ಲ.

ಅರ್ಥ ಕಂಡಿದ್ದು ಮ್ಯಾಕ್ಸ್‌ವೆಲ್‌ಗೆ. 1861ರ ಬೇಸಿಗೆಯಲ್ಲಿ ಆತ ಸ್ಕಾಟ್ಲೆಂಡಿನ ತನ್ನ ಹಳ್ಳಿ ಮನೆಯಲ್ಲಿ ಕೂತು, ವಿದ್ಯುತ್ ಮತ್ತು ಕಾಂತದ ಕಂಪನ ಯಾವ ವೇಗದಲ್ಲಿ ಹರಡುತ್ತೆ ಅನ್ನೋದಕ್ಕೆ ಸೂತ್ರ ಬರೆದಿದ್ದ. ಸೂತ್ರ ತುಂಬಿಸೋಕೆ ವೆಬರ್ ಅಂಕಿ ಬೇಕಿತ್ತು, ಅದು ಹಳ್ಳಿಯಲ್ಲಿ ಕೈಗೆ ಸಿಗಲಿಲ್ಲ. ಆಮೇಲೆ ಆ ಅಂಕಿ ಸಿಕ್ಕಿ, ಸೂತ್ರಕ್ಕೆ ಹಾಕಿ ನೋಡಿದ. ಬೆಳಕಿನ ವೇಗವನ್ನ ಪ್ಯಾರಿಸ್‌ನ ಫಿಜೊ 1849ರಲ್ಲೇ ಹಲ್ಲುಚಕ್ರ ತಿರುಗಿಸಿ ಅಳೆದಿದ್ದರು, ಸೆಕೆಂಡಿಗೆ ಸುಮಾರು 3,15,000 ಕಿಲೋಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಬೆಳಕು ಅಂದ್ರೆ ವಿದ್ಯುತ್ ಕಾಂತದ್ದೇ ಅಲೆ ಅಂತ ಮ್ಯಾಕ್ಸ್‌ವೆಲ್ 1862ರಲ್ಲಿ ಪ್ರಕಟಿಸಿದ. ಆ ಪ್ರಯೋಗದಲ್ಲಿ ಯಾರೂ ದೀಪ ಹಚ್ಚಿರಲಿಲ್ಲ, ಕನ್ನಡಿ ಇಟ್ಟಿರಲಿಲ್ಲ. ಒಂದು ಜಾಡಿ, ಒಂದು ಗೋಳ, ಒಂದು ತಿರುಚಿದ ತಂತಿ. ಈ ಜಾಗಕ್ಕೆ ಬಂದಾಗ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಹೇಳ್ತೀನಿ ಅಂದಿದ್ದ 900 ಕೋಟಿಯ ಗುಟ್ಟೂ ಇದೇ. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್ ಅಂತ ಇಟ್ಟುಕೊಂಡು ಅದರ ವರ್ಗ ಮಾಡಿ, ಒಂದು ಕೋಟಿಯಿಂದ ಭಾಗಿಸಿ. 900 ಕೋಟಿ.

ಯೂನಿಟ್‌ಗೆ ಕೂಲಂಬ್ ಹೆಸರು ಬಂದಿದ್ದು 1881ರಲ್ಲಿ, ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ. ಆಗ ಟೆಲಿಗ್ರಾಫ್ ಕಾಲ, ಎಲ್ಲರಿಗೂ ಬೇಕಾದ್ದು ತಂತಿಯಲ್ಲಿ ಹರಿಯೋ ಕರೆಂಟ್. ಒಂದು ಆಂಪಿಯರ್ ಕರೆಂಟ್ ಒಂದು ಸೆಕೆಂಡಿನಲ್ಲಿ ಹೊತ್ತೊಯ್ಯೋ ಚಾರ್ಜ್, ಅದಕ್ಕೆ ಕೂಲಂಬ್ ಅಂತ ಹೆಸರಿಟ್ಟರು. ಹರಿಯೋ ಲೋಕದ ಯೂನಿಟ್‌ಗೆ, ನಿಂತ ಚಾರ್ಜ್ ಅಳೆದವನ ಹೆಸರು. ಇನ್ನೊಂದು ಹಳೆಯ ಯೂನಿಟ್, ಸೆಂಟಿಮೀಟರ್-ಡೈನ್‌ನದು, ಅದರಲ್ಲಿ ಕೂಲಂಬ್‌ನ ಬೆಂಡಿನ ಉಂಡೆಯ ಚಾರ್ಜ್ ಎಷ್ಟು ಅಂತ ಲೆಕ್ಕ ಹಾಕಿದೆ. 0.85 ಬಂತು. ಹೆಚ್ಚುಕಡಿಮೆ ಒಂದು! ಹೆಸರು ಇಡೋದೇ ಆಗಿದ್ರೆ ಅದಕ್ಕೆ ಇಡಬೇಕಿತ್ತು, ಅಳತೆ ಹೊಲಿಸಿದ ಹಾಗೆ ಇತ್ತು.

2019ರ ಮೇ 20ರಿಂದ ಲೆಡ್ಜರ್ ಮತ್ತೆ ತಿರುಗಿದೆ. ಈಗ ಒಂದು ಎಲೆಕ್ಟ್ರಾನ್‌ನ ಚಾರ್ಜ್ ಎಷ್ಟು ಅಂತ ಒಂದು ಅಂಕಿಯನ್ನ ಶಾಶ್ವತವಾಗಿ ನಿಗದಿ ಮಾಡಿದ್ದಾರೆ, ಕೂಲಂಬ್ ಅನ್ನೋದು ಅದರಿಂದ ಎಣಿಸಿ ಬರುತ್ತೆ. ಅಂದ್ರೆ ಚಾರ್ಜ್ ಈಗ ಎಣಿಕೆ. ಮೊದಲು ನಿಗದಿಯಾಗಿದ್ದ ಆ 900 ಕೋಟಿಯ ನಿಖರ ಬೆಲೆಯನ್ನೇ ಈಗ ಪ್ರಯೋಗ ಮಾಡಿ ಅಳೀಬೇಕು.

ಮನೆಯಲ್ಲಿ ಮಾಡಬೇಕು ಅನ್ನೋರಿಗೆ. ಎರಡು ಬಲೂನ್ ಊದಿ, ಒಂದೊಂದು ಮೀಟರ್ ದಾರ ಕಟ್ಟಿ ಒಂದೇ ಮೊಳೆಗೆ ನೇತುಹಾಕಿ. ಎರಡನ್ನೂ ಒಣ ಕೂದಲಿಗೆ ಸಮನಾಗಿ ಉಜ್ಜಿ ಬಿಡಿ. ಬಲೂನ್ 3 ಗ್ರಾಂ ಇದ್ದು, ನಡುಮಧ್ಯದಿಂದ ನಡುಮಧ್ಯಕ್ಕೆ 40 ಸೆಂಟಿಮೀಟರ್ ದೂರ ನಿಂತಿತು ಅಂತಿಟ್ಟುಕೊಳ್ಳಿ. ಆಗ ತಳ್ಳೋ ಬಲ ಬಲೂನ್ ತೂಕದ ಐದನೇ ಒಂದು ಭಾಗ, 0.006 ನ್ಯೂಟನ್. 0.4ರ ವರ್ಗದಿಂದ ಗುಣಿಸಿ, 900 ಕೋಟಿಯಿಂದ ಭಾಗಿಸಿ, ವರ್ಗಮೂಲ. ಒಂದೊಂದು ಬಲೂನ್ ಮೇಲೆ ಸುಮಾರು 0.33 ಮೈಕ್ರೋಕೂಲಂಬ್. ಕೂಲಂಬ್‌ನ ಉಂಡೆಗಿಂತ ಸಾವಿರ ಪಟ್ಟು ಹೆಚ್ಚು. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ, ನೀವು ಸ್ಕೇಲ್ ಹುಡುಕೋದ್ರೊಳಗೆ ಚಾರ್ಜ್ ಸೋರಿಹೋಗಿರುತ್ತೆ. ಡಿಸೆಂಬರ್, ಜನವರಿಯ ಒಣ ದಿನ ನೋಡ್ಕೊಳ್ಳಿ. ನಿಮಗೆ ಬಂದ ಅಂಕಿಯನ್ನ ನನಗೆ ಕಳಿಸಿ, ಬಲೂನ್ ತೂಕ, ದಾರದ ಉದ್ದ ಬರೆಯೋದು ಮರೀಬೇಡಿ.